ಮೊರ ಅನ್ನಬೇಕಿತ್ತು

ನವೆಂಬರ್ 27, 2024. ಕೊಳತ್ತೂರು

ಇವತ್ತು ಮನೆಗೆ ಬಂದ ಮೂವರೂ ಒಂದೇ ಪ್ರಶ್ನೆ ಕೇಳಿದರು, ಅಲ್ಲಿ ನಿನಗೆ ಕೆಲಸ ಏನು ಅಂತ. ಮಂಜಿನ ಮೇಲೆ ಜಾರುವುದನ್ನು ಕಲಿಸುವುದು ಎಂದೆ. ಮೂವರೂ ಅವ್ವನ ಮುಖ ನೋಡಿದರು, ಪಾಪ ಹುಡುಗಿಗೆ ಏನೋ ಆಗಿದೆ ಅನ್ನುವ ಹಾಗೆ. ಪಕ್ಕದ ಮನೆಯ ಕಾಳಿಯಮ್ಮ ಮಾತ್ರ ಬಾಯಿಬಿಟ್ಟೇ ಹೇಳಿದಳು: ‘ಕೆರೆ ಮೆಟ್ಲಲ್ಲಿ ಪಾಚಿ ಕಟ್ಟಿ ನಾವೂ ದಿನಾ ಜಾರ್ತೀವಿ. ನಮ್ಗ್ಯಾವನು ಸಂಬ್ಳ ಕೊಟ್ಟ?’

ಹೊರಡುವುದು ನಾಡಿದ್ದು. ಹೋಗುವ ದೇಶ ಜಾರ್ಜಿಯಾ. ಅಮೆರಿಕದ್ದಲ್ಲ, ರಷ್ಯಾದ ಕೆಳಗಿರುವುದು ಎಂದು ಹೇಳಿ ಹೇಳಿ ನಾಲಿಗೆ ಬಿದ್ದುಹೋಗಿದೆ. ಸೇಲಂ ಕಾಲೇಜಿನಲ್ಲಿ ಎನ್‌ಸಿಸಿ ಸೇರದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಅವರು ಕಾಶ್ಮೀರಕ್ಕೆ ಸ್ಕೀ ಶಿಬಿರಕ್ಕೆ ಕಳಿಸಿದರು, ನಾನು ಅಲ್ಲಿಯೇ ಮನಸ್ಸು ಬಿಟ್ಟು ಬಂದೆ. ಆಮೇಲೆ ಎರಡು ಚಳಿಗಾಲ ಹಿಮಾಲಯದ ಔಲಿಯಲ್ಲಿ ಕಲಿಸಿದೆ. ಈ ಜಾರ್ಜಿಯಾದ ಶಾಲೆಗೆ ಪೊಂಗಲ್ ರಜೆಯಲ್ಲಿ ಬರುವ ನಮ್ಮ ಕಡೆಯವರಿಗಾಗಿ ತಮಿಳು ಬಲ್ಲವರೊಬ್ಬರು ಬೇಕಿತ್ತಂತೆ. ಒಂದು ಸೀಸನ್. ಕೊನೆಯಲ್ಲಿ ಒಳ್ಳೆಯ ರಿಪೋರ್ಟ್ ಬರೆದುಕೊಟ್ಟರೆ ಮೇಲಿನ ಹಂತದ ಪರೀಕ್ಷೆಗೆ ಕೂರಬಹುದು, ಪಾಸಾದರೆ ಯಾವ ದೇಶದಲ್ಲಿ ಬೇಕಾದರೂ ಕಲಿಸಬಹುದು. ರಿಪೋರ್ಟ್ ಕೆಟ್ಟರೆ ಊರಿಗೆ ಬಂದು ಅಪ್ಪ ಹಿಡಿದ ಮೀನು ತೂಗುವುದು.

ಬೆಳಿಗ್ಗೆ ಅಪ್ಪ ಹರಿಗೋಲಿನಲ್ಲಿ ಕರೆದುಕೊಂಡು ಹೋದ. ಮೆಟ್ಟೂರು ಅಣೆಕಟ್ಟಿನ ಹಿನ್ನೀರು ತುಂಬಿ ನಿಂತಿದೆ. ಫೋಟೊ ತೆಗೆಯಲು ಎದ್ದು ನಿಂತೆ, ಅದೇ ಹೊತ್ತಿಗೆ ಗಾಳಿ ಬಂತು. ‘ಕೂತ್ಕ!’ ಅಂದ. ಕಿವಿಗೆ ಬೀಳುವ ಮೊದಲೇ ನಾನು ತಳದಲ್ಲಿ ಕುಕ್ಕರುಬಡಿದಿದ್ದೆ. ಇಪ್ಪತ್ತೇಳು ವರ್ಷದವಳಾದರೂ ಆ ಮಾತಿಗೆ ನನ್ನ ಮೈ ನನ್ನನ್ನು ಕೇಳುವುದಿಲ್ಲ. ನಮ್ಮ ಅಪ್ಪ ಸಿದ್ದಪ್ಪನವರು ದಿನಕ್ಕೆ ಆಡುವುದು ಹತ್ತು ಮಾತು, ಅದರಲ್ಲಿ ಐದು ‘ಕೂತ್ಕ’.

ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುತ್ತೇನೆ. ಹನೂರಿನ ಸೋದರತ್ತೆಯ ಮನೆಯಲ್ಲಿದ್ದು ಹತ್ತನೆಯ ತರಗತಿವರೆಗೆ ಕನ್ನಡ ಓದಿದವಳು ನಮ್ಮ ಬೀದಿಗೆಲ್ಲ ನಾನೊಬ್ಬಳೇ. ಉಳಿದವರಿಗೆ ಬಾಯಿಗೆ ಕನ್ನಡ, ಕಣ್ಣಿಗೆ ತಮಿಳು. ಏನು ಬರೆದರೂ ಇಲ್ಲೂ ಯಾರೂ ಓದಲಾರರು, ಅಲ್ಲೂ ಓದಲಾರರು. ಹಾಗಾಗಿ ಸುಳ್ಳು ಬರೆಯುವ ಅಗತ್ಯವೇ ಇಲ್ಲ.

ಡಿಸೆಂಬರ್ 8. ಗುಡಾವುರಿ

ಬಂದು ಒಂದು ವಾರ. ಬೆಳಿಗ್ಗೆ ಬಾಗಿಲು ತೆಗೆದರೆ ಬಾಗಿಲೇ ಇಲ್ಲ, ಮಂಜಿನ ಗೋಡೆ. ಕಾಶ್ಮೀರ ನೋಡಿದ್ದೇನೆ ಎಂಬ ಜಂಭ ಮೊದಲ ದಿನವೇ ಇಳಿಯಿತು. ಮರವೇ ಇಲ್ಲದ ಬೆಟ್ಟ, ಎಲ್ಲಿಂದ ಎಲ್ಲಿಗೂ ಬಿಳಿ. ಎಷ್ಟು ದೂರ ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಶಾಲೆಯ ಮುಖ್ಯಸ್ಥ ಲೆವಾನ್, ಐವತ್ತರ ಆಸುಪಾಸು, ಎಲ್ಲದಕ್ಕೂ ಕಾಗದ ಕೇಳುವ ಮನುಷ್ಯ. ಮೊದಲ ದಿನವೇ ನಿಲ್ಲಿಸಿ ಹೇಳಿದ: ಇಳಿಜಾರಿನಲ್ಲಿ ಕೂಗುವ ಮಾತು ಒಂದೇ ಇರಬೇಕು, ಅದು ಮೊದಲೇ ಕಲಿಸಿದ ಮಾತೇ ಆಗಿರಬೇಕು, ಭಯದಲ್ಲಿರುವವರಿಗೆ ಹೊಸ ಮಾತು ಕೇಳಿಸುವುದಿಲ್ಲ. ಇದು ನನಗೆ ಗೊತ್ತಿಲ್ಲವೇ? ಎರಡು ವರ್ಷ ಕಲಿಸಿದ್ದೇನೆ. ತಲೆಯಾಡಿಸಿದೆ.

ಕೆಂಪು ಜಾಕೆಟ್ ಕೊಟ್ಟಿದ್ದಾರೆ. ಬೆನ್ನ ಮೇಲೆ ಶಾಲೆಯ ಹೆಸರು. ಫೋಟೊ ಕಳಿಸಿದರೆ ಅವ್ವ, ‘ಪೋಸ್ಟ್‌ಮನ್ ಥರ ಇದ್ದೀಯ’ ಅಂದಳು.

ಡಿಸೆಂಬರ್ 21

ಕೊಯಮತ್ತೂರಿನ ಇಪ್ಪತ್ತು ಜನ. ನಡುವಯಸ್ಸಿನ ಹೆಂಗಸರೇ ಹೆಚ್ಚು. ಸ್ಕೀ ಹಾಕಿಕೊಂಡು ನಿಂತ ಕೂಡಲೇ ಎಲ್ಲರೂ ಮುರುಗನನ್ನು ಕರೆದರು.

ಸ್ಕೀಯಲ್ಲಿ ಬ್ರೇಕ್ ಅಂದರೆ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಅಗಲ ಮಾಡುವುದು. ಬೇರೆಯವರು ಪಿಜ್ಜಾ ತುಂಡು ಎಂದು ಹೇಳಿಕೊಡುತ್ತಾರೆ. ನಾನು ಕೈಯಲ್ಲಿ ತೋರಿಸಿ, ಮನೆಯಲ್ಲಿ ಮೊರ ಇದೆಯಲ್ಲ, ಅದನ್ನು ತಿರುಗಿಸಿ ಹಿಡಿದರೆ ಮುಂದೆ ಕಿರಿದು, ಹಿಂದೆ ಅಗಲ, ಹಾಗೆ ಎಂದೆ. ಒಂದೇ ಗಳಿಗೆಯಲ್ಲಿ ಇಪ್ಪತ್ತು ಜನರಿಗೂ ಅರ್ಥವಾಯಿತು. ಆಮೇಲೆ ಎಲ್ಲಿ ಯಾರು ಜಾರಿದರೂ ನಾನು ‘ಮೊರಂ!’ ಎಂದು ಕೂಗುವುದು, ಅವರು ಗಕ್ಕನೆ ನಿಲ್ಲುವುದು. ಲೆವಾನ್ ದೂರದಿಂದ ನೋಡಿ ಹೆಬ್ಬೆರಳು ಎತ್ತಿದ. ಎರಡನೆಯ ಪಾಠವೂ ಇದೆ, ಅದನ್ನು ಹಾಡಿನಂತೆ ಹೇಳಿಸಿದೆ: ಮೊಣಕಾಲು ಮುಂದೆ, ಎದೆ ಮುಂದೆ, ಹಿಂದಕ್ಕೆ ಕೂರಬಾರದು. ಹಿಂದಕ್ಕೆ ಕೂತರೆ ಸ್ಕೀ ನಮ್ಮ ಕೈತಪ್ಪಿ ಓಡುತ್ತದೆ.

ನಾನು ಒಳ್ಳೆಯ ಟೀಚರ್. ಬರೆದಿಟ್ಟುಕೊಳ್ಳುತ್ತೇನೆ, ಬೇರೆ ಯಾರೂ ಹೇಳುವವರಿಲ್ಲ.

ಜನವರಿ 15

ಇವತ್ತು ಆದದ್ದನ್ನು ಬರೆಯದೆ ಮಲಗಲಾರೆ. ಧರ್ಮಪುರಿಯಿಂದ ವ್ಯಾಪಾರಿಗಳ ಗುಂಪೊಂದು ಬಂದಿದೆ. ಅದರಲ್ಲಿ ಪಾಲಕೋಡಿನ ಟೊಮ್ಯಾಟೊ ಮಂಡಿಯ ಕೃಷ್ಣಪ್ರಸಾದ್, ಅವರ ಹೆಂಡತಿ ಅರ್ಚನಾ, ತಾಯಿ ಲಕ್ಷ್ಮಮ್ಮ. ತಾಯಿಗೆ ಅರವತ್ತೆರಡು. ಸೀರೆಯ ಮೇಲೆಯೇ ಜಾಕೆಟ್ ಹಾಕಿಕೊಂಡು ಬಂದಿದ್ದರು, ಪ್ಯಾಂಟ್ ಹಾಕಿಸಲು ಅರ್ಧ ಗಂಟೆ ಹಿಡಿಯಿತು. ಮಗ ಎಲ್ಲದಕ್ಕೂ ತಮಿಳಿನಲ್ಲಿ, ‘ಅಮ್ಮಾ, ಸುಮ್ಮ ಇರು’ ಅನ್ನುತ್ತಿದ್ದರು.

ಮೇಲಿನ ನೋಟ ತೋರಿಸೋಣ ಎಂದು ಲಕ್ಷ್ಮಮ್ಮನವರನ್ನು ಕುರ್ಚಿ ಲಿಫ್ಟಿನಲ್ಲಿ ನಾನೇ ಕರೆದುಕೊಂಡು ಹೋದೆ. ನೆಲ ಬಿಟ್ಟು ಮೇಲೇರಿದ ಕೂಡಲೇ ಅವರ ಬಾಯಿಂದ ಬಂತು: ‘ಅಯ್ಯೋ ಮಾದಪ್ಪಾ, ಇದೆಲ್ಲಿಗ್ ತಕ್ಕಂಡ್ ಓಯ್ತಾ ಐತೆ!’

ನಾನು ದಂಗಾಗಿ ಕೂತೆ. ಹಿಮದ ನಡುವೆ, ಗಾಳಿಯಲ್ಲಿ ತೂಗಾಡುವ ಕುರ್ಚಿಯಲ್ಲಿ, ನಮ್ಮ ಮನೆಯ ಮಾತು! ‘ಬೀಳಕ್ಕಿಲ್ಲ ಬುಡಿ, ಗಟ್ಟಿಯಾಗಿ ಇಡ್ಕಳಿ’ ಎಂದೆ. ಅವರು ತಿರುಗಿ ನನ್ನನ್ನು ನೋಡಿದ ರೀತಿ ಎಂದೂ ಮರೆಯಲಾರೆ. ದಾರಿಯುದ್ದಕ್ಕೂ ಮಾತೇ ಮಾತು. ಮಗನಿಗೆ ಕನ್ನಡ ಬರುತ್ತದೆ, ಆದರೆ ಜನರ ಮುಂದೆ ಆಡಿದರೆ ನಾಚಿಕೆಪಡುತ್ತಾನೆ, ಸೊಸೆಗೆ ಅರ್ಥವಾಗುವುದಿಲ್ಲ, ಹಾಗಾಗಿ ಮನೆಯಲ್ಲೂ ತಮಿಳೇ ಅಂತೆ.

‘ಮೂವತ್ತು ವರ್ಸ ಮಂಡೀಲಿ ನಿಂತ್ಕಂಡೇ ಟೊಮ್ಯಾಟೊ ಆರ್ಸಿವ್ನಿ ಅಮ್ಮಿ. ಬೆಟ್ಟ ಏರೋವಾಗ್ಲೂ ಕೂತ್ಕಂಡ್ ಓಗಬೌದು ಅಂತ ಯಾವಳಿಗ್ ಗೊತ್ತಿತ್ತು? ಇನ್ನೊಂದ್ ಸುತ್ತು ಕರ್ಕಂಡ್ ಓಗು.’

ಮೂರು ಸುತ್ತು ಕರೆದುಕೊಂಡು ಹೋದೆ. ಲೆವಾನ್ ಗಡಿಯಾರ ತೋರಿಸಿದ, ಕಾಣದವಳಂತೆ ಇದ್ದೆ. ನಾಳೆ ಸಣ್ಣ ಇಳಿಜಾರಿನಲ್ಲಿ ಪಾಠ. ಮೊರ ಅಂದರೆ ಏನೆಂದು ಇವರಿಗೆ ಬಿಡಿಸಿ ಹೇಳಬೇಕಿಲ್ಲ.

ಜನವರಿ 16

ಲಕ್ಷ್ಮಮ್ಮ ಬಿದ್ದರು. ಎಡಗಾಲು, ಮೊಣಕಾಲಿನಿಂದ ಕೆಳಗೆ.

ನಾನು ನಿಲ್ಲಿ ಎಂದೆ. ಅವರು ಕೂತರು. ನಿಲ್ಲಿ ಎಂದೇ ಕೂಗಿದ್ದು. ಗಾಳಿ ಇತ್ತು. ಸ್ಟ್ರೆಚರ್ ಗಾಡಿ ಬರಲು ಹನ್ನೊಂದು ನಿಮಿಷ. ರಾಜಧಾನಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಇಷ್ಟು ಸಾಕು.

ಜನವರಿ 17

ಲೆವಾನ್ ಕಚೇರಿಗೆ ಕರೆದ. ಆಪರೇಷನ್ ಆಗಿದೆಯಂತೆ, ಮೊಣಕಾಲಿನ ಒಳಗಿನ ನಾರು ಹರಿದಿದೆ, ಮೂಳೆಯೂ ಬಿರುಕು. ಐದು ದಿನದಲ್ಲಿ ಊರಿಗೆ ಕಳಿಸುತ್ತಾರೆ. ಆದದ್ದು ನನಗೆ ಇನ್ನೂ ನಂಬಲಾಗುತ್ತಿಲ್ಲ. ಮಕ್ಕಳು ಆಡುವ ಇಳಿಜಾರು ಅದು. ಮುಂದೆ ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದಾರೆ.

ಪಕ್ಕದಲ್ಲಿ ಪಾಠ ಮಾಡುತ್ತಿದ್ದವನ ಹೆಲ್ಮೆಟ್ ಕ್ಯಾಮೆರಾದಲ್ಲಿ ಎಲ್ಲ ಬಂದಿದೆ. ಲೆವಾನ್ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಲಕ್ಷ್ಮಮ್ಮ ನೆಟ್ಟಗೆ ನಿಂತು ಮೆಲ್ಲಗೆ ಜಾರಿ ಹೋಗುತ್ತಿದ್ದಾರೆ. ಬಲೆಗೆ ಇನ್ನು ಏಳೆಂಟು ಮಾರು. ನನ್ನ ಕೂಗು ಕೇಳುತ್ತದೆ. ಅವರು ಹಿಂದಕ್ಕೆ ಕುಕ್ಕರಿಸುತ್ತಾರೆ, ಸ್ಕೀ ಚುರುಕಾಗುತ್ತದೆ, ಒಂದು ಕಾಲು ತಿರುಚಿಕೊಳ್ಳುತ್ತದೆ. ಮೂರು ಸಲ ಹಾಕಿದ. ಮೂರನೆಯ ಸಲ ನಾನು ಕಿಟಕಿಯ ಕಡೆ ನೋಡಿದೆ.

‘ನೀನು ಕೂಗಿದ್ದು ಏನು?’ ಎಂದು ಕೇಳಿದ.

ಅವರ ಭಾಷೆಯ ಮಾತು, ನಿಲ್ಲಿ ಎಂದು ಅರ್ಥ ಎಂದೆ.

‘ಮತ್ತೆ ಕೂತಳಲ್ಲ?’

ಭಯಕ್ಕೆ ಇರಬೇಕು ಎಂದೆ. ಅವನು ಬರೆದುಕೊಂಡ: ಶಿಕ್ಷಕಿ ನಿಲ್ಲಲು ಹೇಳಿದರು, ಅತಿಥಿ ಸೂಚನೆ ಪಾಲಿಸಲಿಲ್ಲ. ಸಹಿ ಹಾಕು ಎಂದ. ಹಾಕಿದೆ. ಒಂದು ಪ್ರತಿಯನ್ನು ಕೃಷ್ಣಪ್ರಸಾದ್ ಅವರಿಗೆ ಕಳಿಸಿದ್ದಾನೆ.

ವಿಡಿಯೊದಲ್ಲಿ ಎರಡಕ್ಷರ ಕೇಳಿಸುತ್ತದೆ. ಗಾಳಿಯಲ್ಲಿ ಸರಿಯಾಗಿ ತಿಳಿಯುವುದಿಲ್ಲ. ನಿಲ್ಲಿ ಅಂದರೂ ಎರಡಕ್ಷರವೇ.

ಜನವರಿ 21

ಅವರು ಇವತ್ತು ಊರಿಗೆ ಹೊರಟರಂತೆ. ಆಸ್ಪತ್ರೆಗೆ ಹೋಗಿ ನೋಡಬಹುದಿತ್ತು. ರಜೆ ಕೇಳಲಿಲ್ಲ.

ಫೆಬ್ರವರಿ 3

ಗಂಟಲು ಕೂತುಹೋಗಿದೆ. ಚಳಿಗೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಸೀಟಿ ಕೊಂಡುಕೊಂಡೆ. ಈಗ ಇಳಿಜಾರಿನಲ್ಲಿ ಬಾಯಿ ತೆರೆಯುವ ಪ್ರಮೇಯವೇ ಇಲ್ಲ. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಬರಬೇಕು. ಮೊರವನ್ನೂ ಬಿಟ್ಟೆ, ಎಲ್ಲರಂತೆ ಪಿಜ್ಜಾ ಅನ್ನುತ್ತೇನೆ. ಲೆವಾನ್‌ಗೆ ಇದು ಬಹಳ ಹಿಡಿಸಿದೆ. ನಿನ್ನ ಕೆಲಸ ಈಗ ಅಚ್ಚುಕಟ್ಟು ಎಂದ.

ಚೆನ್ನೈಯಿಂದ ಬಂದ ಮುದುಕರೊಬ್ಬರು ಇವತ್ತು ಲಿಫ್ಟಿನಲ್ಲಿ ಯಾವ ಊರಮ್ಮಾ ಎಂದು ಕೇಳಿದರು. ಬೆಂಗಳೂರು ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಮನೆಗೆ ಫೋನ್ ಮಾಡಿ ಎರಡು ವಾರವಾಗಿರಬೇಕು. ಕೆಲಸ ಜಾಸ್ತಿ.

ಫೆಬ್ರವರಿ 11

ಅವ್ವ ಫೋನ್ ಮಾಡಿದಳು. ಧ್ವನಿ ಕೇಳಿ ‘ಯಾಕಮ್ಮಿ, ಕಪ್ಪೆ ಥರ ಮಾತಾಡ್ತಿದ್ದೀಯ?’ ಅಂದಳು. ಚಳಿ ಎಂದೆ. ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಫೋನಿನಲ್ಲಿ ‘ಉಂಡ್ಯಾ’ ಎಂದು ಕೇಳಿ ವಾಪಸು ಕೊಡುವುದು ವಾಡಿಕೆ. ಇವತ್ತು ಯಾಕೋ ನಾನೇ ಬಿಡಲಿಲ್ಲ. ನಮ್ಮ ಕಡೆಯ ಒಬ್ಬ ಅಮ್ಮ ಇಲ್ಲಿ ಬಿದ್ದು ಕಾಲು ಮುರಿದುಕೊಂಡರಪ್ಪ, ಪಾಲಕೋಡಿನವರು, ಕನ್ನಡದವರು ಎಂದೆ. ಬಲೆಯ ಕಡೆ ಜಾರುತ್ತಿದ್ದರು, ನಾನು ಕೂಗಿದೆ, ಕೇಳಲಿಲ್ಲ ಎಂದೆ.

ಅಪ್ಪ ಕೇಳಿದ: ‘ಏನಂತ ಕೂಗ್ದೆ?’

‘ನಿಲ್ಲು ಅಂದೆ.’

‘ಇಲ್ಲ ಕಣವ್ವ. ನೀನ್ ಕೂತ್ಕ ಅಂದಿರ್ತೀಯ.’

ನನಗೆ ಗರ ಬಡಿದಂತಾಯಿತು. ನಾಲ್ಕೂವರೆ ಸಾವಿರ ಕಿಲೋಮೀಟರ್ ಆಚೆ, ಹಿಮವನ್ನೇ ಕಾಣದ ಮನುಷ್ಯ, ಹೆಲ್ಮೆಟ್ ಕ್ಯಾಮೆರಾ ಕಾಣದ ಮನುಷ್ಯ! ‘ನಿಂಗೆಂಗೆ ಗೊತ್ತು?’ ಎಂದು ಕೂಗಾಡಿದೆ. ಒಡೆದ ಗಂಟಲಿನಲ್ಲಿ ಕೂಗಾಡಿದೆ.

‘ನಿಂಗೆ ನಾನ್ ಕಲ್ಸಿರೋದು ಅದೊಂದೇ ಅಲ್ವಾ’ ಎಂದ ಅಪ್ಪ.

ಫೋನ್ ಇಟ್ಟುಬಿಟ್ಟೆ.

ಸರಿ. ಬರೆಯುತ್ತೇನೆ. ಕೂತ್ಕ ಎಂದೆ. ಜನವರಿ ಹದಿನಾರರಂದು ಲಕ್ಷ್ಮಮ್ಮನವರು ಜಾರಿ ಹೋಗುವಾಗ ನಾನು ಕೂತ್ಕ ಎಂದು ಕೂಗಿದೆ. ಬೆಳಿಗ್ಗೆಯಿಂದ ಅವರಿಗೆ ಮೊರ, ಮೊರ ಎಂದು ನೂರು ಸಲ ಹೇಳಿಕೊಟ್ಟಿದ್ದೆ. ಆ ಗಳಿಗೆಯಲ್ಲಿ ಮೊರ ಅನ್ನಬೇಕಿತ್ತು. ಅಲುಗಾಡುವುದರ ಮೇಲೆ ನಮ್ಮ ಮನುಷ್ಯರೊಬ್ಬರು ನಿಂತಿದ್ದಾರೆ ಎಂದು ಕಣ್ಣಿಗೆ ಕಂಡಿತು, ಬಾಯಿಗೆ ಅಪ್ಪನ ಮಾತು ಬಂತು. ಹರಿಗೋಲಿನಲ್ಲಿ ಕೂತವರು ಬದುಕುತ್ತಾರೆ. ಸ್ಕೀ ಮೇಲೆ ಕೂತರೆ ಮೊಣಕಾಲು ಹೋಗುತ್ತದೆ, ಇದನ್ನು ಹಾಡು ಮಾಡಿ ಕಲಿಸುವವಳು ನಾನೇ. ಸುಮ್ಮನಿದ್ದಿದ್ದರೂ ಸಾಕಿತ್ತು, ಅವರು ನಿಂತ ಹಾಗೆಯೇ ಹೋಗಿ ಮೆತ್ತಗೆ ಬಲೆಗೆ ಬೀಳುತ್ತಿದ್ದರು, ನಕ್ಕು ಎದ್ದು ಬರುತ್ತಿದ್ದರು.

ಇನ್ನೂ ಒಂದನ್ನು ಬರೆದಿಲ್ಲ. ಸ್ಟ್ರೆಚರಿಗೆ ಕಟ್ಟುವಾಗ ಅವರು ನನ್ನ ತೋಳು ಹಿಡಿದು ಕೇಳಿದರು: ‘ನೀನ್ ಯೋಳ್ದಂಗೇ ಮಾಡ್ದೆ ಅಲ್ವಾ ಅಮ್ಮಿ?’ ನಾನು ಏನೂ ಹೇಳಲಿಲ್ಲ.

ನಾಳೆ ಲೆವಾನ್‌ಗೆ ಹೇಳುತ್ತೇನೆ.

ಮಾರ್ಚ್ 23

ಸೀಸನ್ ಮುಗಿಯಿತು. ರಿಪೋರ್ಟ್ ಕೈಗೆ ಬಂತು. ಮೇಲಿನ ಪರೀಕ್ಷೆಗೆ ಶಿಫಾರಸು ಇದೆ, ಮುಂದಿನ ವರ್ಷಕ್ಕೆ ಕರೆಯೂ ಇದೆ. ‘ಅಪಘಾತದ ಸಮಯದಲ್ಲಿ ಧೃತಿಗೆಡದೆ ಸ್ಪಷ್ಟ ಸೂಚನೆ ನೀಡಿದರು’ ಎಂದು ಬರೆದಿದ್ದಾನೆ. ಆ ಸಾಲನ್ನು ಓದಿ ಮುಖ ಬಿಸಿಯಾಯಿತು. ಲೆವಾನ್ ಕೈ ಕುಲುಕಿ, ಸಂತೋಷ ಇಲ್ಲವೇ ಎಂದ. ಇದೆ ಎಂದೆ.

ನಾಳೆ ಹೇಳುತ್ತೇನೆ ಎಂದು ಬರೆದ ಪುಟವನ್ನು ಇವತ್ತು ತೆಗೆದು ನೋಡಿದೆ. ನಲವತ್ತು ದಿನವಾಗಿದೆ. ಛೀ.

ಏಪ್ರಿಲ್ 4. ಕೊಳತ್ತೂರು

ಊರಿಗೆ ಬಂದು ನಾಲ್ಕು ದಿನ. ಅವ್ವ ರಿಪೋರ್ಟಿಗೆ ಅರಿಶಿನ ಕುಂಕುಮ ಹಚ್ಚಿ ದೇವರ ಪಟದ ಮುಂದೆ ಇಟ್ಟಿದ್ದಾಳೆ. ಕಾಳಿಯಮ್ಮ ಬಂದು ಅದನ್ನು ತಲೆಕೆಳಗಾಗಿ ಹಿಡಿದು ಓದಿದಂತೆ ಮಾಡಿದಳು. ‘ಜಾರಕ್ಕೂ ಸರ್ಟಿಫಿಕೇಟು!’ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬೆಳಿಗ್ಗೆ ಅಪ್ಪನ ಜೊತೆ ನೀರಿಗೆ ಇಳಿದೆ. ನೀರು ಹಿಂದೆ ಸರಿದಿದೆ, ದಡದಿಂದ ಹರಿಗೋಲು ಹೊತ್ತು ಬಹಳ ದೂರ ನಡೆಯಬೇಕು. ಹತ್ತಿದ ಕೂಡಲೇ ತಳದಲ್ಲಿ ಕೂತೆ. ಮೊಣಕಾಲು ಅಪ್ಪಿಕೊಂಡು ಹಾಗೆಯೇ ಇದ್ದೆ. ಅಪ್ಪ ಬಲೆ ಎಳೆದ, ನಾನು ಏಳಲಿಲ್ಲ.

‘ಗಾಳಿ ಇಲ್ವಲ್ಲ, ಯಾಕ್ ಕೂತಿದ್ದೀಯೆ?’ ಎಂದ.

ಅಪ್ಪ ಬಲೆಯಿಂದ ಜಿಲೇಬಿ ಮೀನು ಬಿಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದ: ‘ಮೆಟ್ಟೂರಿಂದ ಧರ್ಮಪುರಿಗೆ ಬಸ್ ಐತೆ. ಅಲ್ಲಿಂದ ಪಾಲಕೋಡ್ಗೆ ಗಳಿಗ್ಗೊಂದು.’

ಫೋನಿನಲ್ಲಿ ಆಡಿದ್ದನ್ನು ಬಿಟ್ಟರೆ ಅಪ್ಪ ಈ ವಿಷಯ ಎತ್ತಿದ್ದು ಇದೊಂದೇ ಸಲ.

ಏಪ್ರಿಲ್ 6

ಹೋಗಿ ಬಂದೆ.

ಬಸ್ಸಿನಲ್ಲಿ ಲೆವಾನ್‌ಗೆ ನಾಲ್ಕು ಸಾಲು ಬರೆದೆ. ನಾನು ಕೂಗಿದ್ದು ನಿಲ್ಲಿ ಎಂದಲ್ಲ, ಕೂರಿ ಎಂದು. ಅತಿಥಿ ನನ್ನ ಮಾತನ್ನು ಪಾಲಿಸಿದ್ದರಿಂದಲೇ ಪೆಟ್ಟಾಯಿತು. ರಿಪೋರ್ಟ್ ತಿದ್ದಿ ಕಳಿಸಿ. ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಳಿಸಿಬಿಟ್ಟೆ. ಇನ್ನು ಪರೀಕ್ಷೆಯೂ ಇಲ್ಲ, ಮುಂದಿನ ವರ್ಷವೂ ಇಲ್ಲ ಎಂದುಕೊಂಡೆ. ಪಾಲಕೋಡಿನವರೆಗೂ ಅದೇ ಯೋಚನೆ, ಲಕ್ಷ್ಮಮ್ಮನವರ ಯೋಚನೆ ಬರಲೇ ಇಲ್ಲ. ಇದನ್ನೂ ಬರೆದಿಡುತ್ತೇನೆ.

ಮಂಡಿಯಲ್ಲಿ ಕೇಳಿದರೆ ಮನೆ ತೋರಿಸಿದರು. ಕೃಷ್ಣಪ್ರಸಾದ್ ಬಾಗಿಲಲ್ಲೇ ಗುರುತು ಹಿಡಿದು, ‘ವಾಂಗ ಮೇಡಂ, ಉಕ್ಕಾರುಂಗ’, ಬನ್ನಿ ಕೂತುಕೊಳ್ಳಿ ಎಂದು ಕುರ್ಚಿ ಎಳೆದರು. ಎಷ್ಟು ಮರ್ಯಾದೆ! ನಾನು ನಿಂತೇ ಇದ್ದೆ. ಒಳಗೆ ಲಕ್ಷ್ಮಮ್ಮ ಎತ್ತರದ ಕುರ್ಚಿಯಲ್ಲಿ ಎಡಗಾಲನ್ನು ಸ್ಟೂಲಿನ ಮೇಲೆ ನೀಡಿಕೊಂಡಿದ್ದರು. ಕಾಲು ಇನ್ನೂ ಮಡಚುವುದಿಲ್ಲವಂತೆ, ನೆಲದ ಮೇಲೆ ಕೂರುವ ಹಾಗಿಲ್ಲವಂತೆ. ಮಗ ಅವರ ಕಿವಿಯ ಹತ್ತಿರ ಬಗ್ಗಿ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದರು: ‘ಅಮ್ಮಾ! ಟೀಚರ್ ವಂದಿರುಕ್ಕಾಂಗ!’ ಟೀಚರ್ ಬಂದಿದ್ದಾರೆ ಎಂದು.

ಆಗ ನೋಡಿದೆ. ಅವರ ಬಲಗಿವಿಯಲ್ಲಿ ಚರ್ಮದ ಬಣ್ಣದ ಒಂದು ಮೆಷಿನ್ ಇತ್ತು.

ಜನವರಿಯಲ್ಲಿ ಇರಲಿಲ್ಲ. ಆ ಗಾಳಿಯಲ್ಲಿ, ಲಿಫ್ಟಿನ ಸದ್ದಿನಲ್ಲಿ, ನಾನು ಪಿಸುಗುಟ್ಟಿದ್ದನ್ನೂ ಕೇಳಿಸಿಕೊಂಡು ನಕ್ಕಿದ್ದರು. ಕಿವಿಗೆ ಏನಾಯಿತು ಎಂದು ಕೇಳಿದೆ. ಅರ್ಚನಾ ಹೇಳಿದಳು, ತಮಿಳಿನಲ್ಲಿ, ಪ್ರೀತಿಯಿಂದಲೇ: ‘ಅದೇ ಮೇಡಂ, ನೀವು ನಿಲ್ಲಿ ಅಂದಿದ್ದು ಅತ್ತೆಗೆ ಕೇಳಲೇ ಇಲ್ಲವಲ್ಲ. ಟೀಚರ್ ಕೂರಲು ಹೇಳಿದಳು ಅಂತ ಒಂದೇ ಹಟ. ನಿಮ್ಮ ಸಹಿ ಇದ್ದ ಆ ಕಾಗದ ತೋರಿಸಿದ ಮೇಲೆ ಸುಮ್ಮನಾದರು. ಆಮೇಲೆ ಕಿವಿ ತೋರಿಸಿದೆವು. ವಯಸ್ಸಿಗೆ ಸ್ವಲ್ಪ ಮಂದ ಇದೆ ಅಂದು ಇದನ್ನು ಹಾಕಿ ಕಳಿಸಿದರು.’

ಬಾಗಿಲಿಗೆ ಒರಗಿದೆ. ಬರೀ ಕಾಲು ಎಂದುಕೊಂಡಿದ್ದೆ. ಇಷ್ಟು ದಿನ ಬರೀ ಕಾಲು ಎಂದುಕೊಂಡಿದ್ದೆ! ನಾನು ಒಂದು ಸಹಿ ಹಾಕಿದ್ದಕ್ಕೆ ಈ ಮನೆಯಲ್ಲಿ ಒಬ್ಬರನ್ನು ಕಿವುಡಿ ಮಾಡಿ ಕೂರಿಸಿದ್ದರು.

‘ನಾನು ನಿಲ್ಲಿ ಅನ್ನಲಿಲ್ಲ’ ಎಂದೆ, ತಮಿಳಿನಲ್ಲಿ, ಎಲ್ಲರಿಗೂ ತಿಳಿಯಲಿ ಎಂದು. ‘ಅಮ್ಮ ಹೇಳಿದ್ದೇ ನಿಜ. ಕೂತುಕೊಳ್ಳಿ ಎಂದು ಕೂಗಿದವಳು ನಾನು. ತಪ್ಪು ನನ್ನದು. ಆ ಕಾಗದದಲ್ಲಿ ಇರುವುದು ಸುಳ್ಳು.’

ಕೃಷ್ಣಪ್ರಸಾದ್‌ಗೆ ಮೊದಲು ಅರ್ಥವಾಗಲಿಲ್ಲ, ಮೇಡಂ ಏನೋ ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದಾರೆ ಅಂದುಕೊಂಡರು. ಬಸ್ಸಿನಲ್ಲಿ ಕಳಿಸಿದ ಪತ್ರ ತೋರಿಸಿದೆ. ಎರಡು ಸಲ ಓದಿದರು. ಮುಖ ಕೆಂಪಾಯಿತು. ‘ನೀವು ಟೀಚರ್ ತಾನೇ?’ ಎಂದರು. ‘ಮೂರು ತಿಂಗಳು ನಾನು ನಮ್ಮಮ್ಮನನ್ನು ಏನೇನು ಅಂದಿದ್ದೇನೆ ಗೊತ್ತಾ ನಿಮಗೆ?’ ಇನ್ನೂ ಬೈದರು. ಎಲ್ಲವನ್ನೂ ಕೇಳಿಸಿಕೊಂಡೆ. ಅರ್ಚನಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆಯನ್ನೇ ನೋಡುತ್ತಿದ್ದಳು.

ಲಕ್ಷ್ಮಮ್ಮ ನನ್ನನ್ನು ಹತ್ತಿರ ಕರೆದರು. ಬೈಯಲಿ, ಹೊಡೆಯಲಿ ಎಂದುಕೊಂಡು ಹೋದೆ.

‘ಒಂದ್ ಮಂಡಿ ಮಗನ್ಗೆ ಕೊಟ್ಟೆ, ಅಲ್ಲಿ ಟೊಮ್ಯಾಟೊ ಮಾರ್ತವ್ನೆ’ ಎಂದರು. ‘ಇನ್ನೊಂದ್ ಮಂಡಿ ನಿಂಗ್ ಕೊಟ್ಟೆ. ಓಗ್ಲಿ. ಆದ್ರೆ ಕಿವಿ ಯಾಕಮ್ಮಿ ತಕ್ಕಂಡೆ? ನಂಗೇ ಅನುಮಾನ ಬಂದೋಯ್ತು. ಯಾರ್ ಏನ್ ಅಂದ್ರೂ, ಇವ್ರು ಅಂದಿದ್ದು ಇದೇನಾ ಅಂತ ಕೇಳೋ ಅಂಗಾಗೋದೆ.’

ಅವರು ಕಿವಿಯಿಂದ ಮೆಷಿನ್ ಕಿತ್ತು ತೊಡೆಯ ಮೇಲೆ ಇಟ್ಟುಕೊಂಡರು. ಮಗನನ್ನು ಬಾಗಿಲ ಹತ್ತಿರವೇ ನಿಲ್ಲು ಎಂದು ಕೈ ತೋರಿಸಿದರು. ನನ್ನನ್ನು ಹಿತ್ತಲ ಬಾಗಿಲ ತನಕ ಹೋಗಿ, ಆ ಕಡೆ ಮುಖ ಮಾಡಿ ನಿಲ್ಲು ಎಂದರು. ಹೋಗಿ ನಿಂತೆ. ಹಿತ್ತಲಲ್ಲಿ ಖಾಲಿ ಟೊಮ್ಯಾಟೊ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದರು.

‘ಈಗ ಯೋಳು. ಮೆಲ್ಲುಕ್ ಯೋಳು.’

ಜನವರಿಯಿಂದ ಆ ಮಾತನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಗೋಡೆಗೆ ಹೇಳಿದಂತೆ, ನನಗೇ ಕೇಳದಷ್ಟು ಸಣ್ಣಗೆ ‘ಕೂತ್ಕ’ ಎಂದೆ.

ಬೆನ್ನ ಹಿಂದೆ ಲಕ್ಷ್ಮಮ್ಮ ಮಗನಿಗೆ ಹೇಳಿದರು, ಎಲ್ಲರ ಮುಂದೆ, ಕನ್ನಡದಲ್ಲೇ:

‘ಕೂತ್ಕ ಅಂದ್ಲು. ಕೇಳುಸ್ತು ಕಣೋ.’